ಹೊನ್ನಾವರದಲ್ಲಿ ಸ್ವೆಟರ್ ಮಾರಿದ ವರ್ಷ

2002ನೇ ಇಸವಿ. ದೀಪಾವಳಿ ಮುಗಿದು ಒಂದು ವಾರ ಆಗಿತ್ತಷ್ಟೆ. ನಾನಾಗ ಹೊನ್ನಾವರದ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕಿದ್ದೆ. ಬೆಳಿಗ್ಗೆ ಶಟರ್ ಎತ್ತಿ ಕಸ ಗುಡಿಸುತ್ತಿರುವಾಗ ಹೆಡ್ಡಾಫೀಸಿನ ಲಾರಿ ಬಂದು ಐದು ಬಂಡಲ್ ಇಳಿಸಿ ಹೋಯಿತು. ಹೊಲಿಗೆ ಬಿಚ್ಚಿ ನೋಡಿದರೆ ಸ್ವೆಟರ್. ಐದೂ ಬಂಡಲ್ ಸ್ವೆಟರ್! ಕಂದು, ಬೂದಿ, ಕಡುಹಸಿರು ಬಣ್ಣದ್ದು, ಕುತ್ತಿಗೆಯವರೆಗೂ ಮುಚ್ಚುವಂಥದ್ದು. ಒಂದನ್ನು ತಮಾಷೆಗೆ ಅಂತ ಹಾಕಿಕೊಂಡು ಕನ್ನಡಿ ನೋಡಿದೆ. ಎರಡು ನಿಮಿಷದಲ್ಲಿ ಬೆವರು ಬೆನ್ನ ಮೇಲಿಂದ ಇಳಿಯಿತು. ತಲೆ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

ನಮ್ಮ ಕಂಪನಿಯ ಹೆಸರು ಇಲ್ಲಿ ಬೇಡ. ಹೆಡ್ಡಾಫೀಸು ಘಟ್ಟದ ಮೇಲೆ, ಬೆಳಗಾವಿ ಕಡೆ. ಕರಾವಳಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಅಂತ ಮೂರು ಶಾಖೆ. ನಾನು ಸೇರಿದ್ದು 1994ರಲ್ಲಿ. ಆಗ ದೊಡ್ಡ ಯಜಮಾನರು ಇದ್ದರು. ವರ್ಷಕ್ಕೆರಡು ಸಲ ಬಸ್ಸಿನಲ್ಲೇ ಬರುತ್ತಿದ್ದರು. ಕೌಂಟರಿನ ಹಿಂದೆ ನಮ್ಮ ಸ್ಟೂಲಿನ ಮೇಲೆ ಕೂತು, "ನಿಮ್ಮೂರವರಿಗೆ ಈ ಸಲ ಏನು ಬೇಕಂತವ್ವಾ?" ಅಂತ ನಮ್ಮನ್ನೇ ಕೇಳಿ ಬರೆದುಕೊಂಡು ಹೋಗುತ್ತಿದ್ದರು. ನಾವು ಹೇಳಿದ್ದು ಬರುತ್ತಿತ್ತು, ಬಂದದ್ದು ಖರ್ಚಾಗುತ್ತಿತ್ತು.

ಅವರು ತೀರಿಕೊಂಡ ಮೇಲೆ ಮಗ ಎಂಡಿ ಆದರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಬಹಳ ಓದಿದವರು. ಬಂದವರೇ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದರು, ಕಂಪ್ಯೂಟರ್ ತಂದರು. ಗಂಡಸರು ನೀಲಿ ಟೈ ಕಟ್ಟಬೇಕು ಅಂತ ಹುಕುಂ ಮಾಡಿದರು. ಭಟ್ಕಳದ ಸೆಕೆಯಲ್ಲಿ ಟೈ! ತಾವೂ ಅದೇ ನೀಲಿ ಟೈ ಕಟ್ಟುತ್ತಿದ್ದರು, ಆ ಮಾತು ಬೇರೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಯಾವ ಊರಿಗೆ ಯಾವ ಮಾಲು ಅಂತ ಇನ್ನು ಹೆಡ್ಡಾಫೀಸೇ ತೀರ್ಮಾನ ಮಾಡುವುದು, ಶಾಖೆಯವರು ಕೇಳುವಂತಿಲ್ಲ. ಎಲ್ಲ ಊರಿಗೂ ಒಂದೇ ಮಾಲು, ಒಂದೇ ತಿಂಗಳು. ಎರಡು ವರ್ಷದಲ್ಲಿ ಘಟ್ಟದ ಮೇಲಿನ ಎರಡು ಶಾಖೆ ಬಾಗಿಲು ಹಾಕಿದವು. ನಮ್ಮಲ್ಲೂ ಗಿರಾಕಿ ಕಡಿಮೆಯಾಗುತ್ತಾ ಬಂದರು. ಎದುರು ಅಂಗಡಿಯಿಂದ ಕೈಚೀಲ ಹಿಡಿದು ಹೋಗುವ ನಮ್ಮ ಹಳೇ ಗಿರಾಕಿಗಳು ನಮ್ಮ ಮುಖ ನೋಡಿದರೆ ಆ ಕಡೆ ತಿರುಗುತ್ತಿದ್ದರು.

ಸ್ವೆಟರ್ ಬಂದು ಒಂದು ತಿಂಗಳಾದರೂ ಒಂದೇ ಒಂದು ಹೋಗಲಿಲ್ಲ. ಮ್ಯಾನೇಜರ್ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದರು.

ನನ್ನ ಗಂಡ ಗಣಪತಿ, ಮೀನು ಹಿಡಿಯುವ ಬೋಟಿನಲ್ಲಿ ಡ್ರೈವರ್. ನಮ್ಮ ಮನೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ, ಶರಾವತಿ ಸೇತುವೆ ದಾಟಿದರೆ ಬಂದರು. ಡಿಸೆಂಬರಿನ ಒಂದು ಬೆಳಿಗ್ಗೆ ಇವರು ಸಮುದ್ರದಿಂದ ಬಂದವರು ಎರಡು ಅಂಗಿ ಒಂದರ ಮೇಲೊಂದು ಹಾಕಿಕೊಂಡು, ಕಿವಿಗೆ ಟವೆಲ್ ಸುತ್ತಿಕೊಂಡು ಒಲೆ ಮುಂದೆ ಕೂತರು. ಹಲ್ಲು ಕಟಕಟ ಅನ್ನುತ್ತಿತ್ತು. "ಘಟ್ಟದ ಗಾಳಿ ಹೊಡ್ದು ಹೊಡ್ದು ಸಾಕಾತು ಮಾರಾಯ್ತಿ" ಅಂದರು. ನಾನು ಚಾ ಸೋಸುತ್ತಿದ್ದವಳು ಹಾಗೇ ನಿಂತುಬಿಟ್ಟೆ.

ಮ್ಯಾನೇಜರರನ್ನು ಕೇಳಿ, ಆ ಭಾನುವಾರ ಒಂದು ಗಂಟು ಸ್ವೆಟರ್ ಹೊತ್ತುಕೊಂಡು ಬಂದರಿಗೆ ಹೋದೆ. ಮೀನು ಆರಿಸುವ ಹೆಂಗಸರೆಲ್ಲ ನಗಾಡಿದರು. "ಎಂತದೇ ಸುಮಿತ್ರಾ, ಕಾಶ್ಮೀರಕ್ಕೆ ಹೊಂಟ್ಯೇನೇ?" ಅಂತ ಒಬ್ಬಳು ಕೂಗಿದಳು. ಮುಖ ಬಿಸಿಯಾಯಿತು. ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೆ ಐಸ್ ಪ್ಲಾಂಟಿನ ಹತ್ತಿರ ಬರುವಾಗ ಅಲ್ಲಿ ಐಸಿನ ಗಟ್ಟಿ ಎಳೆಯುವ ಒಬ್ಬರು, ನಮ್ಮ ಪೈಕಿಯವರೇ, ಒಂದನ್ನು ತೊಟ್ಟುಕೊಂಡು ಒಳಗೆ ಹೋದರು. ಕಾಲು ಗಂಟೆ ಹೊರಗೆ ಬರಲಿಲ್ಲ. ಬಂದವರು, "ಇದು ನಂಗಿರ್ಲಿ. ಒಳ್ಗೆ ಇನ್ನೂ ಎಂಟು ಜನ ಇದ್ರು, ಅವ್ರಿಗೂ ಬೇಕಂತೆ" ಅಂದರು. ಅಲ್ಲಿಂದ ಬೋಟಿನವರು ಬಂದರು. ನಾಲ್ಕು ಭಾನುವಾರದಲ್ಲಿ ಐದೂ ಬಂಡಲ್ ಖಾಲಿ. ಬಣ್ಣ ಯಾರೂ ಕೇಳಲಿಲ್ಲ.

ನಮ್ಮ ಮ್ಯಾನೇಜರ್ ಖುಷಿಯಲ್ಲಿ ಆ ತಿಂಗಳ ವರದಿಯಲ್ಲಿ "ಸ್ವೆಟರ್ ಪೂರ್ತಿ ಮಾರಾಟವಾಗಿದೆ, ಸುಮಿತ್ರಾ ಅವರ ಪ್ರಯತ್ನದಿಂದ" ಅಂತ ಒಂದು ಸಾಲು ಬರೆದರು. ಯಾರಿಗೆ ಮಾರಿದೆವು, ಹೇಗೆ ಮಾರಿದೆವು ಅಂತ ಬರೆಯಲಿಲ್ಲ. ಅಲ್ಲೇ ಎಡವಟ್ಟಾಯಿತು. ಎಂಡಿಯವರೇ ಫೋನ್ ಮಾಡಿದರು. "ವೆರಿ ಗುಡ್! ನೋಡಿ, ಮನಸ್ಸು ಮಾಡಿದರೆ ಯಾವ ಊರಲ್ಲೂ ಯಾವ ಮಾಲೂ ಹೋಗತ್ತೆ" ಅಂದರು. ನಾನು "ಹೌದು ಸರ್, ಥ್ಯಾಂಕ್ಸ್ ಸರ್" ಅಂದೆ. ಅಷ್ಟು ದೊಡ್ಡವರು ಫೋನ್ ಮಾಡಿದಾಗ ಮತ್ತೆಂತ ಹೇಳಲು ಬರುತ್ತದೆ?

ಮಾರ್ಚ್ ತಿಂಗಳಲ್ಲಿ ಲಾರಿ ಬಂತು. ಹತ್ತು ಬಂಡಲ್ ಸ್ವೆಟರ್. ನಮಗೆ ಮಾತ್ರ ಅಲ್ಲ, ಕುಮಟಾಕ್ಕೆ ಹತ್ತು, ಭಟ್ಕಳಕ್ಕೆ ಹತ್ತು. ಜೊತೆಗೊಂದು ಸುತ್ತೋಲೆ. ಹೊನ್ನಾವರದವರು ಮಾರಿ ತೋರಿಸಿದ್ದಾರೆ, ಉಳಿದ ಶಾಖೆಗಳಿಗೆ ಯಾಕೆ ಆಗುವುದಿಲ್ಲ ಅಂತ.

ಮಾರನೇ ದಿನ ಭಟ್ಕಳದಿಂದ ಇಸ್ಮಾಯಿಲ್ ಭಾಯ್ ಫೋನ್ ಬಂತು. ಇವರು ಭಟ್ಕಳ ಶಾಖೆಯ ಹಿರಿಯ ಸೇಲ್ಸ್‌ಮನ್, ಅಲ್ಲೇ ಪಕ್ಕದ ಜಾಲಿ ಊರಿನವರು. ಇಪ್ಪತ್ತಾರು ವರ್ಷ ಅದೇ ಕೌಂಟರಿನಲ್ಲಿ ನಿಂತವರು. ನವಾಯತಿ, ಉರ್ದು, ಕೊಂಕಣಿ, ಕನ್ನಡ, ಗಿರಾಕಿ ಯಾವ ಭಾಷೆಯಲ್ಲಿ ಬಾಯಿ ತೆಗೆದರೂ ಇವರು ಅದರಲ್ಲೇ ಉತ್ತರ ಕೊಡುತ್ತಿದ್ದರು. ಯಾರ ಮೇಲೂ ದನಿ ಎತ್ತಿದವರಲ್ಲ. ಆ ದಿನವೂ ನಗುತ್ತಲೇ ಹೇಳಿದರು, "ಎಂತ ಮಾಡಿದ್ಯೇ ಸುಮಿತ್ರಾ, ನಮ್ಮ ಕುತ್ತಿಗೆಗೆ ಸ್ವೆಟರ್ ಕಟ್ಟಿ ಕೂರಿಸ್ದ್ಯಲ್ಲ!" ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು.

ಏಪ್ರಿಲ್ ಬಂತು, ಮೇ ಬಂತು. ನಮ್ಮ ಕರಾವಳಿಯಲ್ಲಿ ಮೇ ತಿಂಗಳೆಂದರೆ ಜನ ಮಳೆಗಾಲಕ್ಕೆ ಬೇಕಾದ್ದೆಲ್ಲ ತೆಗೆದಿಡುವ ಕಾಲ. ದಿನಾ ಹತ್ತು ಜನ ಬಂದು ಛತ್ರಿ ಕೇಳುವವರು, ಮಕ್ಕಳ ರೇನ್‌ಕೋಟ್ ಕೇಳುವವರು. ನಮ್ಮಲ್ಲಿ ಒಂದೂ ಇರಲಿಲ್ಲ. ಮೂರೂ ಶಾಖೆಯಿಂದ ಹೆಡ್ಡಾಫೀಸಿಗೆ ಪತ್ರ ಹೋಯಿತು. ನಾನೇ ನಮ್ಮ ಶಾಖೆಯದು ಮೂರು ಸಲ ಬರೆದೆ. ಕೊನೆಗೊಂದು ಉತ್ತರ ಬಂತು: ಮಳೆಗಾಲದ ಮಾಲನ್ನು ಎಲ್ಲ ಶಾಖೆಗಳಿಗೂ ಜುಲೈನಲ್ಲಿ ಕಳಿಸಲಾಗುವುದು, ಅಲ್ಲಿಯ ತನಕ ಇದ್ದ ಮಾಲು ಮಾರುವ ಕಡೆ ಗಮನ ಕೊಡಿ. ಜುಲೈಗೆ ನಮ್ಮಲ್ಲಿ ಅರ್ಧ ಮಳೆಗಾಲವೇ ಮುಗಿದಿರುತ್ತದೆ. ಆ ಕಾಗದ ಓದಿ ನಮ್ಮ ಮ್ಯಾನೇಜರ್ ಟೈ ಬಿಚ್ಚಿ ಮೇಜಿನ ಮೇಲೆ ಒಗೆದರು. ಆಮೇಲೆ ಅವರೇ ಎತ್ತಿ ಮತ್ತೆ ಕಟ್ಟಿಕೊಂಡರು.

ಅದೇ ವಾರ ಇನ್ನೊಂದು ಸುತ್ತೋಲೆ. ಮೇ ಕೊನೆಯ ವಾರ ಕುಮಟಾದಲ್ಲಿ ಮೂರೂ ಶಾಖೆಯವರ ಸಭೆ, ಎಂಡಿ ಬರುತ್ತಾರೆ, ಎಲ್ಲರೂ ಹಾಜರಿರಬೇಕು. ಭಟ್ಕಳ ಶಾಖೆ ಮುಂದುವರಿಸಬೇಕೋ ಬೇಡವೋ ಅಂತ ಆ ದಿನ ತೀರ್ಮಾನ. ಕಾರಣ ಅಂತ ಕೊಟ್ಟಿದ್ದರಲ್ಲಿ ಸ್ವೆಟರ್ ಒಂದೂ ಮಾರದೇ ಇದ್ದದ್ದೂ ಇತ್ತು. ಭಟ್ಕಳದಲ್ಲಿ ಒಂಬತ್ತು ಜನ ಕೆಲಸಕ್ಕಿದ್ದರು.

ಸಭೆಯ ದಿನ ನಾನು ಹತ್ತಿದ ಬಸ್ಸಿನಲ್ಲೇ ಭಟ್ಕಳದವರೆಲ್ಲ ಇದ್ದರು. ಇಸ್ಮಾಯಿಲ್ ಭಾಯ್ ಪಕ್ಕದಲ್ಲಿ ಜಾಗ ಮಾಡಿ ಕೊಟ್ಟರು. "ನಂದೇನು ಬಿಡು, ನಾಲ್ಕು ವರ್ಷ ಆದ್ರೆ ಹೆಂಗೂ ಮನೇಲಿ ಕೂರೋದೇ. ಉಳಿದವ್ರು ಸಣ್ಣ ಪ್ರಾಯದವ್ರು" ಅಂದರು. ನಾನು, "ಭಾಯ್, ನನ್ನಿಂದ ಆಯ್ತಲ್ಲ ಇದು" ಅಂದೆ. "ಛೆ, ನೀನೆಂತ ಮಾಡಿದ್ದೆ? ಮಾಲು ಮಾರೋದು ನಮ್ಮ ಕೆಲ್ಸ ಅಲ್ದಾ" ಅಂದರು. ಅವರು ಹಾಗಂದದ್ದು ನನಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಕುಮಟಾ ಅಂಗಡಿಯ ಮಹಡಿ ಮೇಲೆ ಕುರ್ಚಿ ಹಾಕಿ ಮೈಕ್ ಇಟ್ಟಿದ್ದರು. ಗೋಡೆಯ ಮೇಲೆ ದೊಡ್ಡ ಚಾರ್ಟ್. ಅದರಲ್ಲಿ ನಮ್ಮ ಹೊನ್ನಾವರದ ಗೆರೆ ಮೇಲೆ ಹೋಗಿತ್ತು, ಭಟ್ಕಳದ್ದು ಕೆಳಗೆ. ಎಂಡಿ ಒಂದು ಗಂಟೆ ಮಾತಾಡಿದರು. ಆಮೇಲೆ ನನ್ನ ಹೆಸರು ಕೂಗಿದರು. ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಕೈಗೆ ಕೊಟ್ಟು, "ಹೇಗೆ ಮಾರಿದಿರಿ ಅಂತ ಇವರಿಗೆಲ್ಲ ಹೇಳಿ. ಕಲಿತುಕೊಳ್ಳಲಿ" ಅಂದರು.

ನಾನು ಶಾಲೆಯಲ್ಲಿ ಪ್ರಾರ್ಥನೆ ಹೇಳಿದ್ದು ಬಿಟ್ಟರೆ ಮೈಕಿನ ಮುಂದೆ ನಿಂತವಳೇ ಅಲ್ಲ. ಎರಡು ಒಳ್ಳೆಯ ಮಾತು ಹೇಳಿ ಕೂತುಬಿಡೋಣ ಅಂತಲೇ ಎದ್ದವಳು ನಾನು. ಆದರೆ ಎದುರಿಗೆ ಭಟ್ಕಳದ ಒಂಬತ್ತು ಜನ ಒಂದೇ ಸಾಲಿನಲ್ಲಿ ಕೂತಿದ್ದರು. ಎಲ್ಲರೂ ನನಗೆ ಚಪ್ಪಾಳೆ ತಟ್ಟುತ್ತಿದ್ದರು.

"ಸರ್, ಅದು ಅಂಗಡೀಲಿ ಹೋಗಿದ್ದಲ್ಲ" ಅಂದೆ. ನನ್ನ ದನಿ ಮೈಕಿನಲ್ಲಿ ನನಗೇ ಬೇರೆಯವರದ್ದು ಅನ್ನಿಸಿತು. "ಐಸ್ ಪ್ಲಾಂಟಲ್ಲಿ ಮಾರಿದ್ದು. ಬೋಟಿನವ್ರಿಗೆ ಮಾರಿದ್ದು. ಹೊನ್ನಾವರದಲ್ಲಿ ಸ್ವೆಟರ್ ಬೇಕಾದವ್ರು ಅಷ್ಟೇ ಜನ ಸರ್. ಅವ್ರೆಲ್ಲ ತಗಂಡಾತು. ಇನ್ನು ಹತ್ತು ಬಂಡಲ್ ಮಾರ್ಬೇಕಂದ್ರೆ ಮೀನಿಗೇ ತೊಡಸ್ಬೇಕು."

ಸಭೆ ಘೊಳ್ ಅಂತ ನಕ್ಕಿತು. ಎಂಡಿ ಮುಖ ಕೆಂಪಗಾಯಿತು. "ತಮಾಷೆ ಮಾಡಲಿಕ್ಕೆ ಕರೆದದ್ದಲ್ಲ" ಅಂದರು.

"ತಮಾಷೆ ಅಲ್ಲ ಸರ್. ಭಟ್ಕಳದವ್ರಿಗೆ ಮಾರ್ಲಿಕ್ಕೆ ಬರೋದಿಲ್ಲ ಅಂತ ನೀವು ಚಾರ್ಟಲ್ಲಿ ಬರ್ದಿದ್ರಿ. ಇಸ್ಮಾಯಿಲ್ ಭಾಯ್‌ಗೆ ಭಟ್ಕಳದ ಯಾವ ಮನೆಗೆ ಯಾವ ಬಟ್ಟೆ ಬೇಕು ಅಂತ ಬಾಯಿಪಾಠ ಉಂಟು. ನಾವು ಛತ್ರಿ ಕಳ್ಸಿ ಅಂತ ಬರ್ದದ್ದು ಮೂರು ಪತ್ರ. ನಿಮ್ಮ ಅಪ್ಪ ಇದ್ದಾಗ ನಮ್ಮನ್ನ ಕೇಳ್ತಿದ್ರು. ಈಗ ಯಾರೂ ಕೇಳೋದಿಲ್ಲ ಸರ್."

"ಆಯ್ತು. ಕೂತ್ಕೊಳ್ಳಿ" ಅಂದರು. ಅಷ್ಟೇ. ದನಿ ತಣ್ಣಗಿತ್ತು. ನಾನು ಗಡಿಯಾರ ತೊಡೆ ಮೇಲೆ ಇಟ್ಟುಕೊಂಡು ಕೂತೆ. ಯಾರೂ ನಗಲಿಲ್ಲ, ಯಾರೂ ನನ್ನ ಕಡೆ ನೋಡಲಿಲ್ಲ. ಕೆಲಸ ಹೋಯಿತು ಅಂತ ಖಾತ್ರಿಯಾಯಿತು. ಮನೆಯಲ್ಲಿ ಎಂತ ಹೇಳುವುದು, ಮಗಳ ಫೀಸಿಗೆ ಎಂತ ಮಾಡುವುದು ಅಂತ ಯೋಚನೆ ಅಲ್ಲೇ ಶುರುವಾಯಿತು.

ಒಂದು ಗಂಟೆಗೆ ಊಟಕ್ಕೆ ಬಿಟ್ಟರು. ಎಲ್ಲರೂ ಮೆಟ್ಟಿಲು ಇಳಿದು ಅಂಗಡಿಗೆ ಬರುವಷ್ಟರಲ್ಲಿ ಆಕಾಶ ಕಪ್ಪಾಗಿ, ಒಂದು ಗುಡುಗು ಬಿತ್ತು ನೋಡಿ, ಮಳೆ ಕೊಡದಲ್ಲಿ ಹೊಯ್ದ ಹಾಗೆ ಸುರಿಯಿತು. ಆ ವರ್ಷದ ಮೊದಲ ದೊಡ್ಡ ಮಳೆ. ಎಂಡಿಯವರ ಕಾರು ರಸ್ತೆಯ ಆ ಬದಿಗಿತ್ತು. ಡ್ರೈವರ್ ಊಟಕ್ಕೆ ಹೋಗಿದ್ದ. ಗಾಜಿನ ಬಾಗಿಲ ಹತ್ತಿರ ನಿಂತು ಎಂಡಿ ಹಿಂದೆ ತಿರುಗದೆ ಕೈ ಚಾಚಿ, "ಒಂದು ಛತ್ರಿ ಕೊಡಿ" ಅಂದರು.

ಕುಮಟಾದ ಮ್ಯಾನೇಜರ್ ಶ್ಯಾನಭಾಗರು ಕಪಾಟು ನೋಡಿದರು, ನೆಲ ನೋಡಿದರು. ಆಗ ಹಿಂದಿನಿಂದ ಇಸ್ಮಾಯಿಲ್ ಭಾಯ್ ಮುಂದೆ ಬಂದರು. ಗಿರಾಕಿಯ ಹತ್ತಿರ ಹೇಗೆ ಮಾತಾಡುತ್ತಾರೋ ಅಷ್ಟೇ ವಿನಯವಾಗಿ, ಸ್ವಲ್ಪ ಬಗ್ಗಿ ಹೇಳಿದರು:

"ಛತ್ರಿ ಇಲ್ಲ ಸಾಹೇಬ್. ಸ್ವೆಟರ್ ಉಂಟು. ಕೊಡ್ಲಾ?"

ನನ್ನ ಪಕ್ಕದಲ್ಲಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಎದುರಿನ ಅಂಗಡಿಯವರು ಹೊರಗೆ ಉದ್ದಕ್ಕೆ ಛತ್ರಿ ತೂಗುಹಾಕಿದ್ದರು. ಅಲ್ಲಿ ಜನ ಮುಗಿಬಿದ್ದಿದ್ದರು. ಎಂಡಿ ಅದನ್ನೇ ನೋಡುತ್ತಾ ನಿಂತರು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಇಬ್ಬರು ಮಕ್ಕಳನ್ನು ಎಳೆದುಕೊಂಡು ತೊಯ್ದು ತೊಪ್ಪೆಯಾಗಿ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದಳು. ಬಾಗಿಲಲ್ಲೇ ನೀಲಿ ಟೈ ಕಟ್ಟಿಕೊಂಡು ನಿಂತಿದ್ದ ಎಂಡಿಯನ್ನು ಸೇಲ್ಸ್‌ಮನ್ ಅಂತಲೇ ತಿಳಿದಳು.

"ಮಕ್ಳ ರೇನ್‌ಕೋಟ್ ಇದ್ದಾ?"

ಎಂಡಿ ತಡವರಿಸಿ, "ಇಲ್ಲ" ಅಂದರು.

"ಛತ್ರಿ?"

"ಅದೂ... ಇಲ್ಲ."

"ಮತ್ತೆಂತದಕ್ಕೆ ಅಂಗ್ಡಿ ಇಟ್ಕಂಡು ಕೂತಿದ್ರಿ?" ಅಂದವಳೇ ಮಕ್ಕಳ ಕೈ ಹಿಡಿದು ಮಳೆಯಲ್ಲೇ ರಸ್ತೆ ದಾಟಿ ಎದುರಿನ ಅಂಗಡಿಗೆ ನಡೆದಳು.

ಅದೊಂದೇ ಆಗಿದ್ದರೆ ಮರೆಯುತ್ತಿದ್ದರೋ ಏನೋ. ಆದರೆ ಮುಕ್ಕಾಲು ಗಂಟೆ ಮಳೆ ನಿಲ್ಲಲಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ಇನ್ನೂ ನಾಲ್ಕು ಗಿರಾಕಿ ಬಂದರು. ಶ್ಯಾನಭಾಗರು ಮುಂದೆ ಹೋಗಿ ಉತ್ತರ ಕೊಡಲು ನೋಡಿದರು. ಇಸ್ಮಾಯಿಲ್ ಭಾಯ್ ಮೆಲ್ಲಗೆ ಅವರ ತೋಳು ಹಿಡಿದು ನಿಲ್ಲಿಸಿದರು. ನಾಲ್ವರಿಗೂ ಎಂಡಿಯೇ "ಇಲ್ಲ" ಅನ್ನಬೇಕಾಯಿತು. ಒಬ್ಬ ಅಜ್ಜ ಅವರ ಹೆಗಲು ತಟ್ಟಿ, "ನಿಮ್ಮ ಯಜಮಾನ್ರಿಗೆ ಹೇಳು ತಮ್ಮಾ, ಮಳೆಗಾಲಕ್ಕೆ ಛತ್ರಿ ತರಸ್ಲಿ" ಅಂತ ಬುದ್ಧಿ ಹೇಳಿ ಹೋದರು. ನಾನು ಸೀರೆ ಕಪಾಟಿನ ಕಡೆ ತಿರುಗಿ ನಿಂತೆ. ನಗು ತಡೆಯಲು ಆಗುತ್ತಿರಲಿಲ್ಲ. ಅದೇ ಹೊತ್ತಿಗೆ, ಸುಳ್ಳು ಯಾಕೆ, ಆ ಮನುಷ್ಯನನ್ನು ಕಂಡು ಸ್ವಲ್ಪ ಪಾಪ ಅನ್ನಿಸಿತು. ನಾವು ದಿನಾ ಹೇಳುತ್ತಿದ್ದ "ಇಲ್ಲ" ಹೇಗಿರುತ್ತದೆ ಅಂತ ಅವರ ಮುಖದಲ್ಲಿ ಕಾಣುತ್ತಿತ್ತು.

ಊಟಕ್ಕೆ ಹೊರಗೆ ಹೋಗಲು ಆಗಲೇ ಇಲ್ಲ. ಶ್ಯಾನಭಾಗರು ಪಕ್ಕದ ಹೋಟೆಲಿನಿಂದ ಬನ್ಸು, ಚಾ ತರಿಸಿದರು. ಎಂಡಿ ನಮ್ಮ ಜೊತೆಗೇ ಕೌಂಟರಿನ ಹತ್ತಿರ ನಿಂತು ತಿಂದರು. ತಿಂದು ಕೈ ತೊಳೆದು ಮಹಡಿ ಹತ್ತಿ, ಮೈಕ್ ಪಕ್ಕಕ್ಕಿಟ್ಟು, ಜೇಬಿನಿಂದ ಪೆನ್ನು ತೆಗೆದರು.

"ಹೇಳಿ. ಏನೇನು ಬೇಕು?"

ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. ನಾನೇ, "ಛತ್ರಿ ಸರ್. ಮೂರು ಮಡಿಕೆದ್ದು ಬೇಡ, ನಮ್ಮ ಗಾಳಿಗೆ ತಿರುಗಿ ಹೋಗ್ತದೆ. ಉದ್ದ ಕೋಲಿಂದು" ಅಂದೆ. ಬರೆದುಕೊಂಡರು. ಅಷ್ಟು ಸಾಕಾಯಿತು. ಕಟ್ಟೆ ಒಡೆದ ಹಾಗೆ ಎಲ್ಲ ಕಡೆಯಿಂದ ಮಾತು ಬಂತು. ಮಳೆಗಾಲದಲ್ಲಿ ಹತ್ತಿ ಸೀರೆ ಒಣಗುವುದಿಲ್ಲ, ಬೇಗ ಒಣಗುವ ಸೀರೆ ಬೇಕು ಅಂತ ಕುಮಟಾದವರು. ಶಾಲೆಯ ಯೂನಿಫಾರ್ಮ್ ಬಟ್ಟೆ ಈಗಲೇ ಬೇಕು ಅಂತ ನಮ್ಮವರು. ಇಸ್ಮಾಯಿಲ್ ಭಾಯ್ ಎದ್ದು, ಗಲ್ಫಿನಿಂದ ರಜೆಗೆ ಬರುವವರ ಮನೆಗಳಲ್ಲಿ ಯಾವಾಗ ಮದುವೆ, ಅದಕ್ಕೆ ಯಾವ ನಮೂನೆ ಡ್ರೆಸ್ ಮೆಟೀರಿಯಲ್, ಯಾವ ಬಣ್ಣ ಅಂತ ಒಂದು ಚೀಟಿಯೂ ನೋಡದೆ ಇಪ್ಪತ್ತು ನಿಮಿಷ ಹೇಳಿದರು. ಎಂಡಿಯವರ ಪೆನ್ನು ನಿಲ್ಲಲಿಲ್ಲ. ನಡುವೆ ಒಂದು ಸಲ, "ಸ್ವಲ್ಪ ನಿಧಾನ" ಅಂದರು.

ಕೊನೆಗೆ ಕಾಗದ ಮಡಚಿ, "ಈ ಒಂದು ಸೀಸನ್ ನಿಮ್ಮ ಮಾತು. ಆಗಲಿಲ್ಲ ಅಂದರೆ ಭಟ್ಕಳ ಒಂದೇ ಅಲ್ಲ, ಮೂರೂ ಮುಚ್ಚುತ್ತೇನೆ" ಅಂದರು. ತಪ್ಪಾಯಿತು ಅನ್ನಲಿಲ್ಲ. ನಮಗೆ ಅದು ಬೇಕಾಗಿಯೂ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಇವರಿಗೆ ಆಗಲೇ ಯಾರೋ ಸುದ್ದಿ ಮುಟ್ಟಿಸಿದ್ದರು. "ಎಂತ ಆತು? ಕೆಲ್ಸ ಹೋತಾ?" ಅಂತ ಬಾಗಿಲಲ್ಲೇ ಕೇಳಿದರು. "ಇಲ್ಲ. ಮಾಲು ಬತ್ತದೆ" ಅಂದೆ. ಇವರಿಗೆ ಅರ್ಥ ಆಗಲಿಲ್ಲ. ಕೂತು ಮೊದಲಿಂದ ಹೇಳಿದೆ. ಅಜ್ಜ ಹೆಗಲು ತಟ್ಟಿದ್ದು ಹೇಳುವಾಗ ಇವರು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು.

ಹತ್ತು ದಿನದಲ್ಲಿ ಲಾರಿ ಬಂತು. ನಾವು ಬರೆಸಿದ್ದೇ ಮಾಲು. ಸ್ವೆಟರ್ ಬಂಡಲುಗಳು ಅದೇ ಲಾರಿ ಹತ್ತಿ ವಾಪಸು ಘಟ್ಟಕ್ಕೆ ಹೋದವು. ಆ ಮಳೆಗಾಲ ನಮಗೆ ಕೂರಲು ಪುರುಸೊತ್ತಿರಲಿಲ್ಲ. ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, "ಈಗ ಸಮಾ ಮಾಲು ಇಟ್ಟಿದ್ರಿ ಕಾಣಿ" ಅಂದರು. ಮುಂದಿನ ಚಾರ್ಟಿನಲ್ಲಿ ಭಟ್ಕಳದ ಗೆರೆ ನಮ್ಮನ್ನೂ ದಾಟಿ ಮೇಲೆ ಹೋಗಿತ್ತು. ಇಸ್ಮಾಯಿಲ್ ಭಾಯ್ ಫೋನ್ ಮಾಡಿ ಬರೀ ನಕ್ಕರು. ಆ ಒಂಬತ್ತು ಜನರಲ್ಲಿ ಒಬ್ಬರ ಕೆಲಸವೂ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಎಂಡಿ ಪ್ರತಿ ಏಪ್ರಿಲ್ ತಪ್ಪದೆ ಬಂದರು. ಟೈ ಕಡ್ಡಾಯ ಎನ್ನುವುದೂ ಯಾವಾಗಲೋ ತನ್ನಷ್ಟಕ್ಕೆ ನಿಂತುಹೋಯಿತು.

ಈಗ ಆ ದಿನ ನೆನೆದಾಗ ನನಗೆ ಅನ್ನಿಸುವುದು ಇಷ್ಟೇ. ಅಷ್ಟು ದಿನ ನಾವು ಅಂಗಡಿಯ ಹಿಂಬದಿ ನಿಂತು ಅವರನ್ನು ಬೈದುಕೊಂಡೇ ಇದ್ದೆವು. ಎಲ್ಲ ಗೊತ್ತಿದ್ದೂ ಬೇಕಂತಲೇ ಹೀಗೆ ಮಾಡುತ್ತಾರೆ ಅಂತಲೇ ನನ್ನ ತಲೆಯಲ್ಲಿತ್ತು. ದೊಡ್ಡವರು, ಓದಿದವರು, ಅವರಿಗೆ ಗೊತ್ತಿಲ್ಲದ್ದು ನನಗೆಂತ ಗೊತ್ತಿರುತ್ತದೆ ಅಂತ ಹೆದರಿಕೆಯೂ ಇತ್ತು. ಆದರೆ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದನ್ನು ನಾನು ತಿಳಿದದ್ದು ನನ್ನ ಮೂವತ್ತಮೂರನೇ ವಯಸ್ಸಿನಲ್ಲಿ, ಕುಮಟಾದ ಆ ಮಹಡಿ ಮೇಲೆ, ಮೈಕಿನ ಮುಂದೆ ನಿಂತಾಗ.